ಗೀಜಗದ ಗೂಡಿನೊಳಗಿನ ಮಣ್ಣು

"ಮತ್ತೆ ಎದ್ದೆಯಾ ನೇತ್ರಾ? ಒಂದು ಕಥೆ ಶುರು ಮಾಡಲೂ ಬಿಡುವುದಿಲ್ಲವಲ್ಲೇ! ಇದು ಮೂರನೇ ಸಲ. ಬಾಗಿಲು ಬಡಿದದ್ದು ಗಾಳಿ, ನಿನ್ನ ಅಪ್ಪ ಅಲ್ಲ. ಬಾ, ಕೂತುಕೋ. ಜಾಲಿಮರದ ಕೆಳಗಿಂದ ಎತ್ತಿಕೊಂಡು ಬಂದೆಯಲ್ಲ, ಈ ಗೂಡಿನದೇ ಕಥೆ," ಎಂದಳು ಅಮ್ಮ.

ಆಗ ಲೋಕ ಹೊಸದಾಗಿತ್ತು. ಮರಗಳಿಗೆ ತಮ್ಮ ನೆರಳಿನ ಪರಿಚಯ ಇರಲಿಲ್ಲ. ಗಾಳಿಗೆ ತನ್ನ ಬಲ ಎಷ್ಟೆಂದು ಗೊತ್ತಿರಲಿಲ್ಲ.

ಕೆರೆಯ ಪಕ್ಕದ ಜಾಲಿಮರದಲ್ಲಿ ಗೀಜಗಗಳು ಗೂಡು ನೇಯುತ್ತಿದ್ದವು. ಯಾರ ಗೂಡು ಹಗುರವೋ ಅವರೇ ಜಾಣರು ಎಂಬ ಜಂಬ ಅವಕ್ಕೆ. ಒಂದು ಗಂಡು ಗೀಜಗ ಎಲ್ಲಕ್ಕಿಂತ ಹಗುರವಾದ ಗೂಡು ನೇಯ್ದು, ಹೆಂಡತಿಯನ್ನು ಒಳಗೆ ಕೂರಿಸಿ, "ಇನ್ನೊಂದು ಮರ ನೋಡಿ ಬರುತ್ತೇನೆ" ಎಂದು ಹಾರಿತು. ಬರಲಿಲ್ಲ.

ಹೆಣ್ಣು ಗೀಜಗ ಮೂರು ಮೊಟ್ಟೆ ಇಟ್ಟಿತು. ಸಂಜೆ ಗಾಳಿ ಬಂತು. ಗೂಡು ತೂಗಿತು, ತೂಗಿತು, ತಲೆಕೆಳಗಾಯಿತು. ಒಂದು ಮೊಟ್ಟೆ ಬಿತ್ತು. ಮಾರನೆಯ ಸಂಜೆ ಇನ್ನೊಂದು ಬಿತ್ತು.

"ಅಕ್ಕಂದಿರಾ, ಏನು ಮಾಡಲಿ?" ಎಂದು ಅದು ಪಕ್ಕದ ಗೂಡುಗಳ ಹೆಣ್ಣು ಹಕ್ಕಿಗಳನ್ನು ಕೇಳಿತು.

"ಇನ್ನಷ್ಟು ಹುಲ್ಲು ಸುತ್ತು," ಎಂದಿತು ಒಂದು.

"ಗಂಡ ಬರಲಿ, ಹೊಸದು ನೇಯಿಸಿಕೋ," ಎಂದಿತು ಇನ್ನೊಂದು.

ಅವುಗಳ ಮೊಟ್ಟೆಗಳೂ ಬೀಳುತ್ತಿದ್ದವು. ಯಾರೂ ಬಾಯಿ ಬಿಡುತ್ತಿರಲಿಲ್ಲ, ಅಷ್ಟೇ.

ಮೂರನೆಯ ದಿನ ಹೆಣ್ಣು ಗೀಜಗ ನೀರು ಕುಡಿಯಲು ಕೆರೆಗೆ ಹೋಯಿತು. ಕಾಲು ಕೆಸರಿನಲ್ಲಿ ಹೂತುಹೋಯಿತು. ತೊಳೆದುಕೊಳ್ಳಲು ಪುರುಸೊತ್ತೆಲ್ಲಿ? ಹಾಗೇ ಬಂದು ಗೂಡಿನಲ್ಲಿ ಕೂತಿತು. ತೂಗಾಟ ಒಂದಿಷ್ಟು ತಗ್ಗಿದಂತಾಯಿತು.

ಅದು ಕೆಸರು ಮೆತ್ತಿದ ಕಾಲು ನೋಡಿಕೊಂಡಿತು. ಆಮೇಲೆ ಹಾರಿತು. ಒಂದು ಕೊಕ್ಕು ಕೆಸರು ತಂದು ಒಳಗೋಡೆಗೆ ಮೆತ್ತಿತು. ಇನ್ನೊಂದು ಕೊಕ್ಕು ತಂದಿತು. ಮತ್ತೊಂದು ಕೊಕ್ಕು ತಂದಿತು.

"ಅಯ್ಯೋ, ಗಂಡ ನೇಯ್ದ ಚೊಕ್ಕಟ ಗೂಡಿಗೆ ಕೆಸರು ಬಳಿಯುತ್ತಿದ್ದಾಳೆ!" ಅಕ್ಕಪಕ್ಕದ ಹಕ್ಕಿಗಳು ನಕ್ಕವು.

ಸಂಜೆ ಗಾಳಿ ಬಂತು. ತಳ್ಳಿತು. ಗೂಡು ತುಸು ವಾಲಿ, ತಿರುಗಿ ನೆಟ್ಟಗೆ ನಿಂತಿತು.

"ಒಳಗೆ ಏನಿಟ್ಟಿದ್ದೀಯೇ? ಬಂಡೆಯಾ?" ಎಂದು ಗಾಳಿ ಕೇಳಿತು.

"ಕೆಸರು. ಎಲ್ಲರೂ ತುಳಿದು ಹೋಗುತ್ತಾರಲ್ಲ, ಅದೇ."

"ನಾನು ಆಡಲು ಬಂದಿದ್ದೆ," ಎಂದಿತು ಗಾಳಿ. "ನನಗೆ ಯಾರೂ ಇಲ್ಲ."

"ನನಗೂ ಯಾರೂ ಇಲ್ಲ. ಇರುವುದು ಇದೊಂದು ಮೊಟ್ಟೆ. ಮೆಲ್ಲಗೆ ತೂಗು."

ಗಾಳಿ ಮೆಲ್ಲಗೆ ತೂಗಿತು. ಕೆಲವು ದಿನಕ್ಕೆ ಮೊಟ್ಟೆ ಒಡೆದು ಮರಿ ಬಾಯಿ ತೆರೆಯಿತು.

ಮರುದಿನ, ಅಂದು ನಕ್ಕಿದ್ದ ಹಕ್ಕಿಗಳೆಲ್ಲ ಕೆರೆಯ ಅಂಚಿನಲ್ಲಿ ಸಾಲಾಗಿ ಕೆಸರು ಎತ್ತುತ್ತಿದ್ದವು. ಜಾಲಿಮರದಲ್ಲಿ ಮೊಟ್ಟೆ ಬೀಳುವುದು ನಿಂತಿತು. ಆದರೂ ಆ ಹೆಣ್ಣು ಗೀಜಗದ ಪಕ್ಕದಲ್ಲಿ ಯಾರೂ ಬಂದು ಕೂರಲಿಲ್ಲ.

"ಅದಕ್ಕೇ ನೋಡು, ಇವತ್ತಿಗೂ ಗೀಜಗದ ಗೂಡಿನೊಳಗೆ ಒಣಗಿದ ಮಣ್ಣಿನ ಮುದ್ದೆ ಇರುತ್ತದೆ. ಬೆರಳು ಹಾಕು. ಸಿಕ್ಕಿತಾ?"

"ಸಿಕ್ಕಿತು," ಎಂದಳು ನೇತ್ರಾ.

ಬಾಗಿಲು ಮತ್ತೆ ಬಡಿಯಿತು. ಈ ಸಲ ಅವಳು ಏಳಲಿಲ್ಲ. ಗೂಡಿನಿಂದ ಬೆರಳನ್ನೂ ತೆಗೆಯಲಿಲ್ಲ.

"ಅಮ್ಮಾ, ಗಂಡು ಹಕ್ಕಿ ತಿರುಗಿ ಬಂದರೆ, ಮಣ್ಣು ಮೆತ್ತಿದ ಈ ಗೂಡು ತನ್ನದೇ ಅಂತ ಅದಕ್ಕೆ ಗೊತ್ತಾಗುತ್ತಾ?"