ಕುಟ್ಟಪ್ಪನ ಕೈಗೆ ಅಪ್ಪನ ಕೋವಿ ಬಂದದ್ದು

ಹತ್ತಿರ ಬನ್ನಿ, ಇನ್ನೂ ಹತ್ತಿರ. ಇದು ಕೋವಿಯ ಕತೆ. ದೂರ ಕೂತವರ ಕಡೆಗೇ ಗುಂಡು ಹೋಗೋದು. ನಡೆದದ್ದು ಕೊಡಗಿನಲ್ಲಿ. ನಡೆದಿದ್ದರೆ ಅಲ್ಲೇ ನಡೆದಿರಬೇಕು, ಯಾಕೆಂದರೆ ಬೇರೆ ಕಡೆ ಇಷ್ಟು ತಪ್ಪು ಮಾಡೋದಕ್ಕೆ ಸಾಲುವಷ್ಟು ಕೋವಿ ಸಿಗೋದಿಲ್ಲ.

ಬೊಳ್ಳಮ್ಮ ಅಂತ ಒಬ್ಬಳು ತಾಯಿ. ಗಂಡ ಇಲ್ಲ. ಒಬ್ಬಳು ಮಗಳು, ಮದುವೆಯಾಗಿ ಬಸುರಿ. ಒಬ್ಬ ಮಗ, ಕುಟ್ಟಪ್ಪ. ಮೈ ನೋಡಿದರೆ ಕಾಡುಕೋಣ, ನಮ್ಮ ಕಡೆಯ ಕಾಟಿ. ಮನಸ್ಸು ನೋಡಿದರೆ ಕರು. ತಲೆ ಮಾತ್ರ, ಹೇಳಿದ್ದನ್ನ ಹೇಳಿದ ಹಾಗೇ ಹಿಡಿಯೋ ತಲೆ. ಒಂದು ಸಲ ಬೊಳ್ಳಮ್ಮ, "ಮೋನೇ, ಒಲೆ ಮೇಲೆ ಹಾಲಿದೆ, ಉಕ್ಕುತ್ತೆ, ನೋಡ್ತಾ ಇರು" ಅಂದು ದನದ ಹಟ್ಟಿಗೆ ಹೋದಳು. ಬಂದು ನೋಡಿದರೆ ಹಾಲೆಲ್ಲ ಬೂದಿ ಪಾಲು.

"ನೋಡ್ತಾ ಇರು ಅಂದೆನಲ್ಲೋ!"

"ನೋಡ್ದೆ ಅವ್ವಾ! ಚೆನ್ನಾಗಿ ಉಕ್ತು!"

"ಕುಟ್ಟಾ, ಕುಟ್ಟಾ, ನಿನ್ನ ತಲೆಯೊಳಗೆ ಏನಿದೆಯೋ!"

"ನೀನು ತುಂಬಿಸಿದ್ದೇ ಇದೆ ಅವ್ವಾ!"

ಹಾಲು ಹೋದರೆ ಹೋಯಿತು, ಹಸು ಇನ್ನೊಂದು ಹೊತ್ತಿಗೆ ಕೊಡುತ್ತೆ. ಆದರೆ ಕೋವಿ ಹೋದರೆ? ಕುಟ್ಟಪ್ಪನ ಅಪ್ಪನ ಜೋಡುನಳಿಗೆ ಕೋವಿ ಕುಲದ ದೊಡ್ಡ ಮನೆಯ ಗೋಡೆ ಮೇಲೆ ತೂಗುತ್ತಿತ್ತು. ಕುಲದ ಹಿರಿಯ ಬಿದ್ದಪ್ಪಜ್ಜ ಒಂದು ದಿನ ಎಲ್ಲರ ಮುಂದೆ ಹೇಳಿಬಿಟ್ಟ: "ಕೈಲ್ ಪೊಳ್ದ್ ಹಬ್ಬ ಬರ್ತಾ ಇದೆ. ಕೋವಿಗೆ ಪೂಜೆ ಆದ ಮೇಲೆ ಇವನು ಅಪ್ಪನ ಕೋವಿ ಹಿಡಿದು ಮರದ ಮೇಲಿನ ತೆಂಗಿನಕಾಯಿಗೆ ಹೊಡೀಲಿ. ಹೊಡೆದರೆ ಕೋವಿ ಇವನದು. ಇಲ್ಲದಿದ್ದರೆ ಪಳಂಗಪ್ಪನದು."

ಪಳಂಗಪ್ಪ ಅಂದರೆ ದೊಡ್ಡಪ್ಪನ ಮಗ. ಅವನು ಆಗಲೇ ಟವಲಿನಿಂದ ಆ ಕೋವಿಯ ಧೂಳು ಒರೆಸೋಕೆ ಶುರು ಮಾಡಿದ್ದ.

ಬೊಳ್ಳಮ್ಮ ಲೆಕ್ಕ ಹಾಕಿದಳು. ಅಪ್ಪನ ಕೋವಿ ಉಳಿಸಿಕೊಳ್ಳದ ಗಂಡಿಗೆ ಹೆಣ್ಣು ಕೊಡೋರು ಯಾರು? ನಾಲ್ಕು ಜನ ಕೂತಲ್ಲಿ ಮಣೆ ಹಾಕೋರು ಯಾರು? ಮಗನನ್ನ ಕರಕೊಂಡು ಅಣ್ಣನ ಮನೆಗೆ ನಡೆದಳು. ಅಣ್ಣ ಮಾಚಯ್ಯ, ಪಟಾಲಮ್ಮಿನಲ್ಲಿ ಕೋವಿ ರಿಪೇರಿ ಮಾಡಿ ಪೆನ್ಶನ್ ತಗೊಂಡವನು. ಅವನ ಮನೆಯಲ್ಲಿ ಮಕ್ಕಳಿರಲಿಲ್ಲ, ಕೋವಿಗಳಿದ್ದವು.

"ಅಣ್ಣಾ, ಇವನನ್ನ ಗಂಡಸು ಮಾಡಿಕೊಡು."

"ಕೋವಿ ಮಾಡು ಅಂದಿದ್ರೆ ಸುಲಭ ಇತ್ತು ತಂಗೀ" ಅಂದ ಮಾಚಯ್ಯ. ಆದರೂ ಒಪ್ಪಿಕೊಂಡ.

ಮೊದಲು ತೆಗೆದದ್ದು ಹಳೇ ಕೇಪಿನ ಕೋವಿ. "ನೋಡು, ಇದು ಬಾಯಲ್ಲಿ ತುಂಬಿಸೋ ಜಾತಿ. ಮೊದಲು ಮದ್ದು, ಆಮೇಲೆ ನಾರು, ಆಮೇಲೆ ಚರೆ. ಗಜಕೋಲು ಹಾಕಿ ಇಡಿ, ಗಟ್ಟಿಯಾಗಿ ತುರುಕು. ನಾನು ಸಾಕು ಅನ್ನೋವರೆಗೆ ತುಂಬಿಸ್ತಾ ಇಡೀತಾ ಇರು." ಅಷ್ಟರಲ್ಲಿ ಹಟ್ಟಿಯಲ್ಲಿ ಎಮ್ಮೆ ಹಗ್ಗ ಹರಿದುಕೊಂಡಿತು. ಮಾಚಯ್ಯ ಅದರ ಹಿಂದೆ ಓಡಿದ. ಎಮ್ಮೆ ಗದ್ದೆ ದಾಟಿತು, ತೋಡು ದಾಟಿತು. ಕುಟ್ಟಪ್ಪ ಇಡಿದ. ಮದ್ದು, ನಾರು, ಚರೆ, ಇಡಿ! ಮದ್ದು, ನಾರು, ಚರೆ, ಇಡಿ! ಎಮ್ಮೆ ಹಿಡಿದುಕೊಂಡು ಮಾಚಯ್ಯ ಬರುವಾಗ ಮದ್ದಿನ ಡಬ್ಬಿ ಖಾಲಿ, ಗಜಕೋಲು ಗೇಣಷ್ಟೂ ಒಳಗೆ ಇಳಿಯದು, ಕುಟ್ಟಪ್ಪ ಕೇಪು ಹಚ್ಚಿ ಕೋವಿಯನ್ನ ಕೆನ್ನೆಗೆ ಒತ್ತಿಕೊಂಡು ನಿಂತಿದ್ದ.

"ಮಾವಾ, ಸಾಕಾ?"

ಮಾಚಯ್ಯನ ಕೈಯಿಂದ ಎಮ್ಮೆ ಹಗ್ಗ ಜಾರಿತು. ಬೆರಳಿನ ಕೆಳಗಿನ ಆ ಕುದುರೆ ಎಳೆದರೆ ಗುಂಡು ಮುಂದಕ್ಕೆ ಹೋಗೋದಿಲ್ಲ. ಕೋವಿಯೇ ಸಿಡಿದು ತಲೆಯನ್ನ ಹಿಂದಕ್ಕೆ ಒಯ್ಯುತ್ತೆ. "ಸಾಕು" ಅಂದ, ದನಿ ಏರಿಸದೆ. "ಸಾಕು ಕುಟ್ಟಾ. ಬೆರಳು ತೆಗಿ. ಕೋವಿ ಕೆಳಗಿಡು. ಈ ಕಡೆ ಬಾ." ಕುಟ್ಟಪ್ಪ ಒಂದೊಂದಾಗಿ ಮಾಡಿದ. ಮಾಚಯ್ಯ ಓಡಿಹೋಗಿ ಕೇಪು ಕಿತ್ತು, ಕೊಡಪಾನ ತಂದು ನಳಿಗೆಯೊಳಕ್ಕೆ ನೀರು ಹುಯ್ದ. ಆಮೇಲೆ ಬೈದ. ಹೊಳೆ ಆಚೆಯವರೆಗೂ ಕೇಳುವ ಹಾಗೆ ಬೈದ.

"ಕೋವಿ ಮೇಲೆ ಅನುಮಾನ ಬಂದರೆ ಮೊದಲು ನೀರು ಹುಯ್ಯಬೇಕು! ಮದ್ದು ನೆನೆದರೆ ಕೋವಿ ಸತ್ತ ಹಾಗೆ! ತಿಳೀತಾ?"

"ತಿಳೀತು ಮಾವಾ! ಅನುಮಾನ ಬಂದರೆ ನೀರು!"

ಎರಡನೆಯದು ತೋಟೆ ಕೋವಿ, ಮದ್ದು ಚರೆ ಎರಡೂ ತುಂಬಿದ ತೋಟೆ ಹಾಕಿ ಹಾರಿಸೋದು. ಅಪ್ಪನ ಕೋವಿಯ ಹಾಗೇ ಜೋಡುನಳಿಗೆ. ಮಾಚಯ್ಯ ಎರಡು ತೋಟೆ ಹಾಕಿ ಗೋಡೆಗೆ ಒರಗಿಸಿ, ಬಂದವರ ಜೊತೆ ಮಾತಾಡ್ತಾ ನಿಂತ. ತಿರುಗಿ ನೋಡ್ತಾನೆ, ಕುಟ್ಟಪ್ಪ ಕೋವಿಯನ್ನ ಬಾಯಿ ಮೇಲೆ ಮಾಡಿ ಹಿಡಿದು, ತಾನು ಅದರ ಮೇಲೆ ಬಗ್ಗಿ, ಚೊಂಬಿನಿಂದ ನೀರು ಹುಯ್ತಾ ಇದಾನೆ. ಹಿಡಿ ನೆಲಕ್ಕೆ ಕುಟ್ಟಿದಾಗಲೆಲ್ಲ ಎರಡು ತೂತೂ ಅವನ ಗಲ್ಲದ ಕೆಳಗೆ ಕುಣೀತಾ ಇವೆ!

"ಏ! ಏ! ಮುಖ ತೆಗಿ!"

"ಅನುಮಾನ ಬಂತು ಮಾವಾ! ಒಳಗೆ ಇದೆಯೋ ಇಲ್ಲವೋ ಅಂತ!"

"ಅಯ್ಯೋ ನಿನ್ನ! ಇದು ನಡು ಮುರಿಯೋ ಜಾತಿಯೋ! ಕೀಲು ತಳ್ಳಿದರೆ ನಡು ಮುರಿಯುತ್ತೆ, ತೋಟೆ ಕೈಗೆ ಬರುತ್ತೆ. ಅನುಮಾನ ಬಂದರೆ ನಡು ಮುರಿ, ತೂತಿನಲ್ಲಿ ಬೆಳಕು ಕಾಣೋವರೆಗೆ ಮುರಿ! ತಿಳೀತಾ?"

"ತಿಳೀತು! ಅನುಮಾನ ಬಂದರೆ ನಡು ಮುರಿ!"

ಮನೆಗೆ ಹೋಗುವ ದಾರಿಯೆಲ್ಲ ಅದೇ ಜಪ. ನಡು ಮುರಿ, ನಡು ಮುರಿ. ಎದುರಿಗೆ ಸಿಕ್ಕಿದ ಪಳಂಗಪ್ಪ ತನಗೇ ಹೇಳಿದ್ದು ಅಂದುಕೊಂಡು ಬೇರೆ ದಾರಿ ಹಿಡಿದ.

ಮೂರನೆಯದು ಮಾಚಯ್ಯನ ಪ್ರಾಣ. ಪಿಸ್ತೂಲಿಗೆ ಹಾಕುವಂಥ ಮೋಟು ಗುಂಡು ಹಾರಿಸುವ ಸಣ್ಣ ರೈಫಲು, ಒಂದು ಹಾರಿಸಿದರೆ ಇನ್ನೊಂದನ್ನ ತಾನೇ ತುಂಬಿಕೊಳ್ಳೋದು. ಅದನ್ನ ಕುಟ್ಟಪ್ಪನ ಕೈಗೆ ಕೊಟ್ಟು ಕನ್ನಡಕ ತರೋಕೆ ಒಳಗೆ ಹೋದ. ಕುಟ್ಟಪ್ಪನಿಗೆ ಅನುಮಾನ ಬಂತು. ಕೀಲು ಹುಡುಕಿದ, ಇಲ್ಲ. ಮೊಣಕಾಲಿಗೆ ಕೊಟ್ಟು ಒತ್ತಿದ, ಮುರೀಲಿಲ್ಲ. ಒರಳುಕಲ್ಲಿನ ಮೇಲೆ ನಡು ಇಟ್ಟು ಮರದ ಕೊರಡು ಎತ್ತಿದ.

"ನಿಲ್ಲು!" ಮಾಚಯ್ಯ ಬಾಗಿಲಲ್ಲೇ ಕಲ್ಲಾದ. ಕೋವಿಯೊಳಗೆ ಗುಂಡು, ಅದರ ಬಾಯಿ ಅವನ ಹೊಟ್ಟೆಯ ಕಡೆಗೇ. ಕೊರಡು ಮೇಲೇ ಇತ್ತು. ಕುಟ್ಟಪ್ಪನ ತೋಳು ನಡುಗುತ್ತಿತ್ತು, ಭಾರದ ಕೊರಡು.

"ಕುಟ್ಟಾ. ಕೊರಡನ್ನ ನಿನ್ನ ಬೆನ್ನ ಹಿಂದೆ ಎಸಿ."

ಎಸೆದ. ಬೆನ್ನ ಹಿಂದಿದ್ದ ಜೇನುಪೆಟ್ಟಿಗೆ ಒಡೆದುಹೋಯಿತು. ಹೋಗಲಿ, ಮಾಚಯ್ಯನ ಹೊಟ್ಟೆ ಉಳಿಯಿತು.

ಇಬ್ಬರೂ ರೈಫಲು ಎತ್ತಿಕೊಂಡು, ಜೇನಿನಿಂದ ತಪ್ಪಿಸಿಕೊಂಡು ಅಡುಗೆಮನೆ ಸೇರಿ ಕದ ಹಾಕಿಕೊಂಡರು. ಊದಿಕೊಂಡ ತುಟಿಯಲ್ಲೇ ಮಾಚಯ್ಯ ಪಾಠ ಹೇಳಿದ. "ಮೊದಲು ಈ ಮ್ಯಾಗಜೀನು, ಗುಂಡಿನ ಡಬ್ಬಿ, ತೆಗಿ. ತೆಗೆದ ಮೇಲೂ ಒಳಗೊಂದು ಕೂತಿರುತ್ತೆ! ಬೋಲ್ಟು ಎಳೆದು ಅದನ್ನೂ ಎಬ್ಬಿಸು. ನೋಡಿಲ್ಲಿ." ಎಳೆದ; ಒಂದು ತೋಟೆ ಚಂಗನೆ ಹಾರಿ ಸಾರಿನ ಪಾತ್ರೆಗೆ ಬಿತ್ತು.

"ಯಾರು ತುಂಬಿಸ್ತಾರೆ ಮಾವಾ ಒಳಗೆ?"

ಈ ಪ್ರಶ್ನೆಗಾಗಿ ಮಾಚಯ್ಯ ಪೆನ್ಶನ್ ಬಂದಾಗಿನಿಂದ ಕಾದಿದ್ದ. ಕೋಪ ಇಳೀತು. "ಈ ಅಡುಗೆಮನೆ ಕದ ನೋಡು, ಬೋಲ್ಟೂ ಹೀಗೇ ಒಂದು ಕದ. ಚಿಲಕ ಇಲ್ಲ, ಕದವೇ ಭಾರ, ಹಿಂದೊಂದು ಸ್ಪ್ರಿಂಗು ಉಂಟು ಅಂದ್ಕೋ. ಗುಂಡು ಮುಂದಕ್ಕೆ ಹೋಗ್ತಾ ಹಿಂದಕ್ಕೊಂದು ಒದೀತದೆ. ಒದ್ದರೆ ಕದ ತೆರೀತದೆ, ಖಾಲಿ ತೋಟೆ ಹೊರಗೆ. ಸ್ಪ್ರಿಂಗು ದೂಡ್ತದೆ, ಹೊಸ ತೋಟೆ ಒಳಗೆ. ಇದು ಸಣ್ಣ ಗುಂಡಿನ ಉಪಾಯ. ಪಟಾಲಮ್ಮಿನ ದೊಡ್ಡ ರೈಫಲು ಇದೆಯಲ್ಲ, ಅದರ ಕದಕ್ಕೆ ಚಿಲಕ ಉಂಟು. ಗುಂಡಿನ ಹಿಂದೆ ನುಗ್ಗೋ ಹೊಗೇಲಿ ಒಂದು ಪಾಲು ಪಕ್ಕಕ್ಕೆ ಹೋಗಿ ಚಿಲಕ ತೆಗೀತದೆ, ಆಮೇಲೇ ಕದ ತೆರೆಯೋದು. ಅಷ್ಟು ಒದೆತಕ್ಕೆ ಚಿಲಕ ಇಲ್ಲದಿದ್ದರೆ ಕದ ಬಂದು ಮೂಗಿಗೇ!"

"ಯಾವುದು ಒಳ್ಳೇದು?"

"ಇದು ಸರಳ. ಕೆಟ್ಟರೆ ನಾನೇ ಸರಿ ಮಾಡ್ತೇನೆ. ಆದರೆ ಕದ ಭಾರ ನೋಡು, ಸಣ್ಣ ಗುಂಡಾದರೂ ಭುಜಕ್ಕೆ ಗುದ್ದು ಜೋರು. ಹೊಗೆಯದ್ದು ಮೆತ್ತಗೆ, ಆದರೆ ಹೊಗೆ ಕುಡಿದು ಮಸಿ ಕಟ್ತದೆ, ಬಿಚ್ಚಿ ಉಜ್ಜಿ ಸಾಯಬೇಕು. ನಿನಗೆ ಇಷ್ಟು ಸಾಕು: ಕುದುರೆ ಎಳಿ, ಬೆರಳು ಬಿಡು, ಸುಮ್ಮನೆ ನಿಲ್ಲು. ಉಳಿದದ್ದೆಲ್ಲ ಕೋವಿಯೇ ಮಾಡ್ಕೊಳ್ತದೆ!"

"ಆಯ್ತು ಮಾವಾ! ಎಳಿ, ಬಿಡು, ಸುಮ್ಮನೆ ನಿಲ್ಲು!"

ಹಬ್ಬ ಬಂತು. ಕೋವಿಗಳಿಗೆ ಹೂವಿಟ್ಟರು, ಗಂಧ ಹಚ್ಚಿದರು. ಮರದ ತುದಿಯಲ್ಲಿ ತೆಂಗಿನಕಾಯಿ ಕಟ್ಟಿದರು. ಅಪ್ಪನ ಜೋಡುನಳಿಗೆ ಕುಟ್ಟಪ್ಪನ ಕೈಗೆ ಬಂತು, ಎರಡು ತೋಟೆ ಹಾಕಿದ್ದು. ಬೊಳ್ಳಮ್ಮ ಸೆರಗು ಕಚ್ಚಿ ನಿಂತಳು.

ಢಂ! ಎಲೆ ಉದುರಿತು. ಕಾಯಿ ಅಲ್ಲೇ ಇತ್ತು.

ಕುಟ್ಟಪ್ಪ ಬೆರಳು ಬಿಟ್ಟ. ಸುಮ್ಮನೆ ನಿಂತ. ನಿಂತೇ ನಿಂತ.

"ಏನ್ ಕಾಯ್ತಿದೀಯೋ, ಕಾಯಿ ತಾನೇ ಬೀಳ್ಲಿ ಅಂತಲಾ?" ಪಳಂಗಪ್ಪ ನಕ್ಕ.

"ಕೋವಿ ತುಂಬ್ಕೊಳ್ಳಲಿ ಅಂತ!" ಅಂದು ಕುಟ್ಟಪ್ಪ ತಿರುಗಿದ. ಕೋವಿ ಸಮೇತ ತಿರುಗಿದ. ಎರಡನೇ ನಳಿಗೆಯಲ್ಲಿ ತೋಟೆ ಹಾಗೇ ಇತ್ತು, ಬೆರಳು ಮತ್ತೆ ಕುದುರೆ ಹತ್ತಿರ ಹೋಗಿತ್ತು.

ನಕ್ಕವನು ಮೊದಲು ನೆಲ ಕಚ್ಚಿದ. ಆಮೇಲೆ ಮಿಕ್ಕವರೆಲ್ಲ. ನಿಂತಿದ್ದವನು ಬಿದ್ದಪ್ಪಜ್ಜ ಒಬ್ಬನೇ, ಅವನ ಮಂಡಿ ಬಗ್ಗೋದಿಲ್ಲ. ಕೋವಿ ಅವನ ಎದೆಗೆ ನೇರ. ಸುಯ್ಯನೆ ಗಾಳಿ ಬೀಸಿತು ಅಂತೆಲ್ಲ ನಾನು ಹೇಳಬಹುದು, ಗಾಳಿಯೂ ಇರಲಿಲ್ಲ.

ಬೊಳ್ಳಮ್ಮ ಮಾತ್ರ ಬಾಯಿ ಬಿಟ್ಟಳು. ಹಾಲು ಕಾಯಿಸೋದು ಹೇಗೆ ಅಂತ ಹೇಳುವ ದನಿ.

"ಮೋನೇ, ಅಜ್ಜನಿಗೆ ಬೆನ್ನು ಮಾಡಿ ನಿಲ್ಲು."

ನಿಂತ.

"ಕಾಯಿ ನೋಡು. ಕೋವಿಯನ್ನೂ ಅದರ ಕಡೆಗೇ ಹಿಡಿ."

ಹಿಡಿದ.

"ಎರಡು ಕುದುರೆ ಇದೆಯಲ್ಲ, ಹಿಂದಿನದನ್ನ ಎಳಿ."

ಢಂ! ಕಾಯಿ ಚೂರು ಚೂರು. ನೀರು ಪಳಂಗಪ್ಪನ ಬೆನ್ನ ಮೇಲೇ ಬಿತ್ತು.

ಬಿದ್ದಪ್ಪಜ್ಜನಿಗೆ ಉಸಿರು ಬರೋಕೆ ಸ್ವಲ್ಪ ಹೊತ್ತು ಹಿಡೀತು. ಬಂದ ಉಸಿರನ್ನೆಲ್ಲ ಬೈಗುಳಕ್ಕೇ ಹಾಕಿದ. "ಕತ್ತೆ! ಇದು ಮಾಚಯ್ಯನ ರೈಫಲಲ್ಲ! ಒಂದು ಹಾರಿಸಿ ಇನ್ನೊಂದು ಹೊಟ್ಟೇಲಿಟ್ಕೊಂಡು ಜನರ ಕಡೆ ತಿರುಗ್ತಾರಾ? ಎರಡೂ ಹಾರಿಸಿದ ಮೇಲೇ ತಿರುಗಬೇಕು! ಎರಡೂ!" ಆಮೇಲೆ ಚೂರುಗಳನ್ನ ನೋಡಿ ಮುಖ ಹುಳ್ಳಗೆ ಮಾಡಿದ. "ಮಾತು ಮಾತೇ. ಕಾಯಿ ಒಡೆದಿದೆ, ಕೋವಿ ನಿನ್ನದು. ಇನ್ನೊಂದೇ ಒಂದು ತಪ್ಪು ಮಾಡು, ನಾನೇ ಬಂದು ಪಳಂಗಪ್ಪನಿಗೆ ಕೊಡ್ತೇನೆ."

"ಆಯ್ತು ಅಜ್ಜಾ! ಎರಡೂ ಹಾರಿಸಿದ ಮೇಲೇ ತಿರುಗೋದು!"

ಹಬ್ಬ ಕಳೆದು ಒಂದು ಬೆಳಗ್ಗೆ ಅಕ್ಕನಿಗೆ ನೋವು ಬಂತು. ತೌರುಮನೆಯಲ್ಲೇ ಹೆರಿಗೆ. ಬಿಸಿಲೇರುವಾಗ ಒಳಗಿಂದ ಮಗುವಿನ ಅಳು. ಬೊಳ್ಳಮ್ಮ ಹೊರಗೆ ಓಡಿಬಂದಳು. "ಗಂಡು ಕುಟ್ಟಾ, ಗಂಡು! ಹೋಗು, ಅಪ್ಪನ ಕೋವಿ ತಗೊ, ಅಂಗಳಕ್ಕೆ ಹೋಗಿ ಗುಂಡು ಹಾರಿಸು, ಊರಿಗೆ ತಿಳೀಲಿ!"

ಅಲ್ಲಿ ಪದ್ಧತಿ ಹಾಗೆ. ಗಂಡು ಹುಟ್ಟಿದರೆ ಒಂದು ಗುಂಡು. ಸಾವಾದರೆ ಒಂದರ ಹಿಂದೆ ಒಂದು, ಎರಡು. ಯಾರೂ ಯಾರಿಗೂ ಹೇಳಿಕೊಡೋದಿಲ್ಲ, ಎಲ್ಲರಿಗೂ ಗೊತ್ತು.

ಕುಟ್ಟಪ್ಪ ಎರಡೂ ನಳಿಗೆ ತುಂಬಿದ. ಆಕಾಶಕ್ಕೆ ಹಿಡಿದ. ಢಂ! ಗುಡ್ಡದಾಚೆ ಯಾರೋ ಕೇಕೆ ಹಾಕಿದರು. ಕುಟ್ಟಪ್ಪ ಅವ್ವನ ಕಡೆ ತಿರುಗೋಕೆ ಹೋದ. ಅಜ್ಜನ ಮಾತು ನೆನಪಾಯಿತು. ನಿಂತ. ಢಂ!

ಗುಡ್ಡದಾಚೆಯ ಕೇಕೆ ಅರ್ಧಕ್ಕೇ ನಿಂತಿತು.

"ಏನು ಮಾಡಿದೆಯೋ!" ಬೊಳ್ಳಮ್ಮ ಕಂಬ ಹಿಡಿದು ಕೂತಳು. ಆಗಲೇ ಗದ್ದೆ ಬದುವಿನ ಮೇಲೆ ಸಾವಿಗೆ ಉಡುವ ಬಿಳಿ ಬಟ್ಟೆ ಸಾಲುಗಟ್ಟಿತ್ತು. ಅಕ್ಕನ ಅತ್ತೆ ಎದೆ ಬಡಕೊಂಡು ಬಂದಳು, ಸೊಸೆ ಹೋದಳೋ ಮಗು ಹೋಯಿತೋ ಅಂತ. ಮುಂದೆ ಬಿದ್ದಪ್ಪಜ್ಜ, ಹಿಂದೆ ಪಳಂಗಪ್ಪ, ಹೆಗಲ ಮೇಲೆ ಟವಲು.

"ಯಾರು ಸತ್ತದ್ದು?" ಅಜ್ಜ ಕೇಳಿದ.

"ಯಾರೂ ಇಲ್ಲ!" ಬೊಳ್ಳಮ್ಮ ಕೈ ಮುಗಿದಳು. "ಇಬ್ಬರೂ ಚೆನ್ನಾಗಿದಾರೆ. ಇವನು ತಪ್ಪಿ..."

ಅಜ್ಜನ ಮುಖ ಕೆಂಪಾಯಿತು. "ನಮ್ಮ ಕುಲದಲ್ಲಿ ಹೆಣ ಬೀಳದೆ ಎರಡು ಗುಂಡು ಹಾರಿದ್ದಿಲ್ಲ! ಅಂಥ ಕೆಲಸ ಮಾಡಿದವನ ಕೈಲಿ ಕೋವಿ ಇರಬಾರದು. ತಗೊ ಪಳಂಗಪ್ಪಾ."

ಬೊಳ್ಳಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಕುಟ್ಟಪ್ಪ ಅಜ್ಜನ ಮಾತನ್ನ ತಲೆಯೊಳಗೆ ಒಂದು ಸಲ ಇಡಿದು ನೋಡಿದ. ಹೆಣ ಬೀಳದೆ ಹಾರಿದ್ದಿಲ್ಲ. ಸರಿ. ಅಂಗಳದ ನಡುವೆ ಅಂಗಾತ ಬಿದ್ದ. ಕೋವಿ ಎದೆ ಮೇಲೆ, ಎರಡು ಕೈ ಅದರ ಮೇಲೆ, ಕಣ್ಣು ಮುಚ್ಚಿದ.

"ಏನೋ ಇದು?"

"ಸತ್ತೆ ಅಜ್ಜಾ. ಈಗ ಸರಿಹೋಯ್ತು."

"ಏಳೋ!"

"ಸತ್ತೋರು ಏಳಲ್ಲ."

ಪಳಂಗಪ್ಪ ಕೋವಿ ಹಿಡಿದು ಎಳೆದ. ಬರಲಿಲ್ಲ. ಕಾಲು ಕೊಟ್ಟು ಎಳೆದ. ಹೆಣವೇ ಜೊತೆಗೆ ಬಂತು, ಅಂಗಳದ ಈ ತುದಿಯಿಂದ ಆ ತುದಿಗೆ. "ಸತ್ತಿದ್ದರೆ ಬಿಡೋ!" ಅಂತ ಕಿರುಚಿದ.

"ಸತ್ತೋನಿಗೆ ಕಿವಿ ಕೇಳಲ್ಲ" ಅಂತು ಹೆಣ.

ಅಕ್ಕನ ಅತ್ತೆಗೆ ಅಳು ಎಲ್ಲಿ ನಿಂತು ನಗು ಎಲ್ಲಿ ಶುರುವಾಯಿತೋ ಗೊತ್ತಾಗಲಿಲ್ಲ. ಬಿಳಿ ಬಟ್ಟೆ ಸಾಲು ಪೂರ್ತಿ ಅಲುಗಾಡಿತು. ಬಿದ್ದಪ್ಪಜ್ಜ ಬಹಳ ಹೊತ್ತು ಮೀಸೆ ಕಚ್ಚಿ ಹಿಡಿದಿದ್ದ. ಕೊನೆಗೆ ಮೀಸೆ ಸೋತಿತು.

"ಬಿಡು ಪಳಂಗಪ್ಪಾ. ಹೆಣದ ಕೈಯಿಂದ ಕೋವಿ ಕಿತ್ತರು ಅಂತ ನಮ್ಮ ಕುಲಕ್ಕೆ ಹೆಸರು ಬರೋದು ಬೇಡ. ಅದು ಅವನ ಹತ್ತಿರವೇ ಇರಲಿ" ಅಂದು, ಮಗು ನೋಡೋಕೆ ಒಳಗೆ ಹೋದ.

ಎಲ್ಲರೂ ಒಳಗೆ ಹೋದರು, ನೋಡಿದರು, ಹರಸಿದರು. ಎಲೆ ಹಾಕಿದರು. ಬೊಳ್ಳಮ್ಮ ಕಣ್ಣೊರೆಸಿಕೊಂಡು ಅಂಗಳಕ್ಕೆ ಬಂದಳು. "ಕೋವಿ ಉಳೀತು ಮೋನೇ. ಏಳು, ಊಟಕ್ಕೆ ಬಾ."

ಕುಟ್ಟಪ್ಪ ಕಣ್ಣು ತೆರೆಯಲಿಲ್ಲ.

"ಸತ್ತೋರನ್ನ ಊಟಕ್ಕೆ ಕರೀತಾರಾ ಅವ್ವಾ? ಎಡೆ ಇಡ್ತಾರೆ. ಇಲ್ಲೇ ತಂದಿಡು. ಹಂದಿಕರಿ ಸ್ವಲ್ಪ ಜಾಸ್ತಿ ಹಾಕು!"