ಹೋಳಿಗೆ ಕದ್ದ ಕೋಳಿ, ಗುಡ್ಡ ಹತ್ತಿದ ರಾಜ

ಏನ್ರೋ ಮಕ್ಕಳಾ, ಕಾಲು ಮಡಚಿಕೊಂಡು ಕೂತಿರಾ? ಕೂರಿ, ಕೂರಿ. ಎಷ್ಟು ಹೊತ್ತು ಹಾಗೆ ಕೂರ್ತೀರೋ ನಾನೂ ನೋಡ್ತೀನಿ.

ಹಾಸುಬಂಡೆ ಅಂತ ಒಂದು ರಾಜ್ಯ. ಅಲ್ಲಿಗೆ ಗುಂಡೇರಾಯ ಅಂತ ರಾಜ. ಆ ರಾಜ್ಯದಲ್ಲಿ ಒಂದು ಕಟ್ಟಳೆ ಇತ್ತು. ಹನ್ನೆರಡು ವರ್ಷಕ್ಕೊಮ್ಮೆ ಯುಗಾದಿಯ ದಿನ ನಗಾರಿ ಬಾರಿಸೋರು. ಆಗ ಯಾರು ಮೊದಲು ಊರಗುಡ್ಡ ಹತ್ತಿ, ತುದಿಯ ಕಲ್ಲುಪೀಠದ ಮೇಲೆ ಕೂರ್ತಾರೋ ಅವರೇ ರಾಜ.

ಗುಂಡೇರಾಯ ಪ್ರಾಯದಲ್ಲಿ ಸರಸರ ಹತ್ತಿ ರಾಜನಾದ. ಆಮೇಲೆ ಹೋಳಿಗೆ ತಿಂದ. ತುಪ್ಪ ಸುರಿದುಕೊಂಡು ತಿಂದ. ತಿಂದು ತಿಂದು ಮಲಗಿದ. ಈಗ ಅವನನ್ನು ಎಬ್ಬಿಸಿ ಕೂರಿಸೋಕೆ ಮೂರು ಆಳು ಬೇಕು!

ಅವನ ಮಂತ್ರಿ ನರಸಯ್ಯ. ಅವನಿಗೆ ಆ ಕಲ್ಲುಪೀಠದ ಮೇಲೆ ಕಣ್ಣು. ಹನ್ನೆರಡನೇ ವರ್ಷದ ಯುಗಾದಿ ಬೇರೆ ಹತ್ತಿರ ಬರ್ತಿತ್ತು. ಒಂದು ದಿನ ರಾಜನ ಕಿವಿ ಊದಿದ:

"ಮಹಾಪ್ರಭು, ಬ್ರಹ್ಮ ಎಲ್ಲರಿಗೂ ಉಸಿರನ್ನ ಅಳೆದು ಕೊಟ್ಟಿದ್ದಾನೆ. ಓಡಿದೋರು ಏದುಸಿರು ಬಿಟ್ಟು ಅದನ್ನ ದುಂದು ಮಾಡ್ತಾರೆ. ಬೇಗ ಸಾಯ್ತಾರೆ."

ಗುಂಡೇರಾಯ ಹೆದರಿಬಿಟ್ಟ. ಮಾರನೇ ದಿನವೇ ಡಂಗುರ: "ಯಾರೂ ಓಡಬಾರದು! ಯಾರೂ ನೆಗೆಯಬಾರದು! ಯಾರೂ ಕುಣಿಯಬಾರದು!"

ಊರು ಕೂತುಬಿಟ್ಟಿತು ನೋಡಿ. ಮಕ್ಕಳು ಕೂತರು, ಕಾಲು ಜೋಮು ಹಿಡಿಯಿತು. ಹರೆಯದವರು ಕೂತರು, ಆಕಳಿಸಿ ಆಕಳಿಸಿ ದವಡೆ ನೋವು ಬಂತು. ಮುದುಕರು ಕೂತರು, ಏಳೋಕೇ ಆಗಲಿಲ್ಲ.

ಊರಿನಂಚಿನಲ್ಲಿ ಚೌಡಜ್ಜಿ ಅಂತ ಒಬ್ಬ ಮುದುಕಿ. ಅವಳಿಗೆ ರಂಗಿ ಅಂತ ಒಂದು ಕೋಳಿ. ಒಂದು ಬೆಳಗ್ಗೆ ಚೌಡಜ್ಜಿ ಸೌದೆಗೆ ಅಂತ ಗುಡ್ಡಕ್ಕೆ ಹೋದಳು. ನೋಡ್ತಾಳೆ, ಮಂತ್ರಿ ಕಚ್ಚೆ ಕಟ್ಟಿಕೊಂಡು ಗುಡ್ಡ ಹತ್ತುತ್ತಿದ್ದಾನೆ! ಇಳಿಯುತ್ತಿದ್ದಾನೆ! ಮತ್ತೆ ಹತ್ತುತ್ತಿದ್ದಾನೆ!

"ಅಬ್ಬಬ್ಬಾ ಕಳ್ಳ! ಊರನ್ನ ಕೂರಿಸಿ ತಾನು ಓಡ್ತಾನಲ್ಲ! ಇವನು ರಾಜ ಆದರೆ ನನ್ನ ಮೊಮ್ಮಕ್ಕಳು ಈ ಜನ್ಮದಲ್ಲಿ ಓಡಿದ ಹಾಗೇ!"

ಅರಮನೆಗೆ ಹೋಗಿ ಹೇಳಿದರೆ ಮುದುಕಿ ಮಾತು ಯಾರು ಕೇಳ್ತಾರೆ? ಅಂದಿನಿಂದ ಚೌಡಜ್ಜಿ ರಂಗಿಗೆ ಕಾಳು ಹಾಕಿದ್ದೆಲ್ಲ ಕಲ್ಲುಪೀಠದ ಮೇಲೆ. ಬಾಯಿಗೆ ಏನು ಸಿಕ್ಕರೂ ಅಲ್ಲಿಗೇ ಹೊತ್ತೊಯ್ದು ತಿನ್ನೋದು ಕೋಳಿಗೆ ರೂಢಿಯಾಯಿತು. ಆಮೇಲೆ ಅದನ್ನು ಅರಮನೆ ಅಂಗಳಕ್ಕೆ ಬಿಟ್ಟಳು.

ಮೊದಲ ದಿನ ರಂಗಿ ರಾಜನ ತಟ್ಟೆಯಿಂದ ಹೋಳಿಗೆ ಕಚ್ಚಿಕೊಂಡು ಓಡಿತು. "ಅಯ್ಯೋ ನನ್ನ ಹೋಳಿಗೆ!" ಅಂತ ಗುಂಡೇರಾಯ ತಾನೇ ಎದ್ದ. ಹೊಸ್ತಿಲಲ್ಲಿ ಕುಸಿದ.

ಎರಡನೇ ದಿನ ಮತ್ತೆ ಬಂತು. ರಾಜ ಗುಡ್ಡದ ಬುಡದವರೆಗೆ ಅಟ್ಟಿಸಿಕೊಂಡು ಹೋದ.

ಮೂರನೇ ದಿನ ಅರ್ಧ ಗುಡ್ಡ! ಕಾವಲುಗಾರರು ಅಡ್ಡ ಬಂದರು. "ಮಹಾಪ್ರಭು, ಓಡಬಾರದು ಅಂತ ನಿಮ್ಮದೇ ಅಪ್ಪಣೆ."

"ಯಾರೋ ಓಡಿದ್ದು? ನಾನು ಕೋಳಿ ಹಿಡೀತಿದ್ದೀನಿ!"

ಈ ಮಾತು ಊರಿಗೆಲ್ಲ ಹಬ್ಬಿತು. ಅಷ್ಟೇ ತಾನೇ ಬೇಕಿದ್ದಿದ್ದು! ಮಕ್ಕಳು ಬೀದಿ ತುಂಬ ಓಡಿದರು. "ಎಲ್ಲಿಗ್ರೋ?" "ಕೋಳಿ ಹಿಡಿಯೋಕೆ!" ಹೆಂಗಸರು ಕೈ ತಟ್ಟಿ ಸುತ್ತು ಕುಣಿದರು. "ಇದೇನ್ರಮ್ಮಾ?" "ಕೋಳಿ ಸುತ್ತುಗಟ್ಟುತ್ತಿದ್ದೀವಿ!" ಕೋಲೂರುವ ತಾತ ನಾಲ್ಕು ಹೆಜ್ಜೆ ಹಾಕಿ ನಿಂತ. "ತಾತಾ, ನಿನ್ನ ಕೋಳಿ ಎಲ್ಲಿ?" "ಅದೂ ನನ್ನ ಹಾಗೇ, ನಿಧಾನಕ್ಕೆ ಬರ್ತಿದೆ ಕಣೋ!" ಇವರನ್ನೆಲ್ಲ ಹಿಡಿಯೋಕೆ ಓಡಿ ಓಡಿ ಕಾವಲುಗಾರರ ಹೊಟ್ಟೆಯೂ ಕರಗಿತು.

ಯುಗಾದಿ ಬಂತು. ನಗಾರಿ ಬಾರಿಸಿದರು. ನರಸಯ್ಯ ಕಚ್ಚೆ ಬಿಗಿದು ಓಟ ಕಿತ್ತ. ಗುಂಡೇರಾಯ ಗುಡ್ಡದ ಬುಡದಲ್ಲಿ ಚೌಡಜ್ಜಿ ಕೊಟ್ಟ ಬಿಸಿ ಹೋಳಿಗೆಗೆ ತುಪ್ಪ ಹಚ್ಚುತ್ತಿದ್ದ.

"ಆ ಪೀಠ ಹೋದರೆ ಹೋಗಲಿ ಬಿಡಜ್ಜಿ" ಅನ್ನುವಷ್ಟರಲ್ಲಿ ರಂಗಿ ಹೋಳಿಗೆ ಕಚ್ಚಿತು. ಗುಡ್ಡದ ಕಡೆ ಹಾರಿತು.

"ಹಿಡೀರೋ!"

ಮುಂದೆ ಕೋಳಿ. ಕೋಳಿ ಹಿಂದೆ ರಾಜ. ರಾಜನ ಹಿಂದೆ ಕಾವಲುಗಾರರು, ಮಕ್ಕಳು, ಮಕ್ಕಳ ಅಮ್ಮಂದಿರು, ಚೌಡಜ್ಜಿ, ಎಲ್ಲರ ಹಿಂದೆ ಕೋಲೂರುವ ತಾತ! ಮುಕ್ಕಾಲು ಗುಡ್ಡ ಹತ್ತಿದ್ದ ನರಸಯ್ಯ ಗದ್ದಲ ಕೇಳಿ ತಿರುಗಿ ನೋಡಿದ. ಬಾಯಿ ಬಿಟ್ಟುಕೊಂಡು ನಿಂತೇಬಿಟ್ಟ. ಕೋಳಿ ದಾಟಿತು. ರಾಜ ದಾಟಿದ. ಕಲ್ಲುಪೀಠ ಏರಿದ ರಂಗಿಯನ್ನು ಗುಂಡೇರಾಯ ಬಾಚಿ ಹಿಡಿದು, ಧೊಪ್ಪನೆ ಅದರ ಮೇಲೇ ಕೂತ. ಪೀಠದ ಮೇಲೆ ಕಣ್ರೋ, ಕೋಳಿ ಮೇಲಲ್ಲ!

"ರಾಜ ಓಡಿದ! ಅಪ್ಪಣೆ ಮುರಿದ!" ಅಂತ ನರಸಯ್ಯ ಕಿರುಚಿದ.

"ಓಡಲಿಲ್ಲಯ್ಯಾ, ಕೋಳಿ ಹಿಡಿದೆ. ಇಗೋ ಕೋಳಿ, ಇಗೋ ಹೋಳಿಗೆ" ಅಂದ ರಾಜ.

ಕಾವಲುಗಾರ ಮಂತ್ರಿಯ ಕಡೆ ತಿರುಗಿದ. "ಬುದ್ಧೀ, ತಾವು?"

ನರಸಯ್ಯ ತಡವರಿಸಿದ. "ನಾ... ನಾನೂ ಕೋಳಿ ಹಿಡೀತಿದ್ದೆ."

ಚೌಡಜ್ಜಿ ಸೊಂಟಕ್ಕೆ ಕೈಯಿಟ್ಟು ನಕ್ಕಳು. "ಕೋಳಿ ಹಿಂದೆ ಓಡೋರನ್ನ ಕಂಡಿದ್ದೀನಿ. ಕೋಳಿಗಿಂತ ಮುಂದೆ ಓಡೋ ಪುಣ್ಯಾತ್ಮನ್ನ ಇವತ್ತೇ ಕಂಡಿದ್ದು!"

ಗುಡ್ಡಕ್ಕೆ ಗುಡ್ಡವೇ ನಕ್ಕಿತು. ರಾಜನಿಗೆ ಆಗ ಎಲ್ಲ ಅರ್ಥವಾಯಿತು. ಅಪ್ಪಣೆ ಅಲ್ಲೇ ರದ್ದು. ನರಸಯ್ಯನಿಗೆ ಹೊಸ ಕೆಲಸ ಕೊಟ್ಟ. ದಿನಾ ಸಂಜೆ ಊರಿನ ಕೋಳಿಗಳನ್ನೆಲ್ಲ ಹಿಡಿದು ಗೂಡಿಗೆ ಹಾಕಬೇಕು.

"ಬ್ರಹ್ಮ ನಿನಗೆ ಎಷ್ಟು ಉಸಿರು ಅಳೆದಿದ್ದಾನೋ ನೋಡೇಬಿಡೋಣ" ಅಂದ.

ಕೇಳಿದಿರಾ? ಕೂತು ಉಣ್ಣೋರಿಗೆ ಕುಡಿಕೆ ಹೊನ್ನು ಸಾಲದು ಅಂತಾರೆ. ಕೂತೇ ಇರೋರಿಗೆ ಕಾಲೂ ಉಳಿಯಲ್ಲ. ಮಗುವಾಗಲಿ, ಮುದುಕರಾಗಲಿ, ರಾಜನೇ ಆಗಲಿ, ಮೈ ಆಡಿಸಿದರೇ ಆರೋಗ್ಯ. ನಿಮ್ಮನ್ನು ಸುಮ್ಮನೆ ಕೂರು ಅನ್ನೋನು ತಾನು ಎಲ್ಲಿಗೆ ಓಡ್ತಿದ್ದಾನೆ ಅಂತ ಒಂದು ಕಣ್ಣಿಟ್ಟಿರಿ.

ಕತೆ ಗೂಡು ಸೇರಿತು. ನೀವಿನ್ನೂ ಕೂತೇ ಇದ್ದೀರಲ್ರೋ! ಏಳಿ, ಏಳಿ, ಕೋಳಿ ಹಿಡಿಯೋಣ!