ಕಾಗೆಯ ಬಾಗಿಲು

ಅಳಿಲು, ಕಾಗೆ, ಮುಂಗುಸಿ ಒಂದೇ ತಂಡವಾಗಿ ಮೊಬೈಲಿನಲ್ಲಿ ಕೋಟೆಯ ಆಟ ಆಡುತ್ತಿದ್ದವು. ಮುಂಗುಸಿ ದಾಳಿಗೆ ಹೋದರೆ ಕಾಗೆ ಉತ್ತರದ ಬಾಗಿಲನ್ನೂ ಅಳಿಲು ದಕ್ಷಿಣದ ಬಾಗಿಲನ್ನೂ ಕಾಯುತ್ತಿದ್ದವು. ಮೊದಲು ಕಾಗೆಗೆ ಬೇಸರ ಬಂತು, ಆಮೇಲೆ ಮುಂಗುಸಿಗೆ. ಎರಡೂ ಆಟ ಬಿಟ್ಟವು. ಅಳಿಲು ಒಂಟಿಯಾಗಿ ಆಡಿತು, ದಿನವೂ ಸೋತಿತು.

"ಇವತ್ತೂ ಸೋತರೆ ನಾನೂ ಬಿಟ್ಟುಬಿಡುತ್ತೇನೆ," ಎಂದು ಅದು ಎದುರಾಳಿ ಆಮೆಗೆ ಹೇಳಿತು.

"ಅದಕ್ಕೆ ಮೊದಲು ಒಂದು ಮಾತು ಹೇಳು ಮಾರಾಯ. ನಾನು ದಿನವೂ ಉತ್ತರದ ಬಾಗಿಲಿನಿಂದ ಬರುತ್ತೇನೆ. ಅಲ್ಲಿ ಕಾವಲು ಏಕಿಲ್ಲ?"

"ಅದು ಕಾಗೆಯ ಬಾಗಿಲು. ಅಲ್ಲಿ ನಾನು ಕೈ ಹಾಕುವುದಿಲ್ಲ."

"ಕಾಗೆ ಎಲ್ಲಿದೆ?"

"ಯಾರದೋ ಮಾಳಿಗೆಯ ಮೇಲೆ ಹಪ್ಪಳ ಕದಿಯುತ್ತಿದೆ."

"ಹಾಗಾದರೆ ಆ ಬಾಗಿಲು ಈಗ ನನ್ನದು," ಎಂದು ಆಮೆ ನಕ್ಕಿತು.

ಆಟ ಶುರುವಾಯಿತು. ಅಳಿಲು ದಕ್ಷಿಣದಲ್ಲಿದ್ದ ತನ್ನ ಬಿಲ್ಲುಗಾರರಲ್ಲಿ ಅರ್ಧ ಜನರನ್ನು ಉತ್ತರಕ್ಕೆ ಕಳಿಸಿತು. ಎಂದಿನಂತೆ ಅಲ್ಲಿಗೆ ಬಂದ ಆಮೆಯ ಸೈನ್ಯ ಪೆಟ್ಟು ತಿಂದು ಹಿಂದೆ ಸರಿಯಿತು. ಕೋಟೆಯನ್ನು ಸುತ್ತಿ ಬಂದು, ಕೊನೆಗೆ ದಕ್ಷಿಣದ ಬಾಗಿಲನ್ನು ಮುರಿಯಿತು.

"ನೀನು ಸೋತೆ. ಇನ್ನು ಬಿಡುತ್ತೀಯಲ್ಲ?" ಎಂದು ಆಮೆ ಕೇಳಿತು.

"ಇರಪ್ಪ," ಎಂದಿತು ಅಳಿಲು. "ಇವತ್ತು ನಾನು ಸೋತದ್ದು ನನ್ನ ಬಾಗಿಲಲ್ಲಿ. ಅದನ್ನು ಸರಿಮಾಡಬಲ್ಲೆ. ಇನ್ನೊಂದು ಆಟ ಹಾಕು."